ಅತ್ತಿಗೆ ಕಟ್ಟಿದ ಕಲ್ಲು

ನಡುರಾತ್ರಿ ಠಣ್ ಎಂದು ಒಂದು ಸಣ್ಣ ಸದ್ದಾಯಿತು. ಯಾರೋ ಚಮಚದಿಂದ ಲೋಟದ ಅಂಚನ್ನು ಒಮ್ಮೆ ಮುಟ್ಟಿ ಬಿಟ್ಟಂತೆ. ಮೊದಲು ಕಳ್ಳ ಅಂದುಕೊಂಡೆ, ಆಮೇಲೆ ಇಲಿ, ಆಮೇಲೆ ಗ್ಯಾಸ್ ಸಿಲಿಂಡರು. ನನ್ನ ಗಾಬರಿಗೆ ಒಂದು ಕ್ರಮವಿದೆ. ಮೂರೂ ಅಲ್ಲವೆಂದು ಖಾತ್ರಿಯಾದ ಮೇಲೆ ತಲೆ ಎತ್ತಿ ನೋಡಿದರೆ, ನನ್ನ ಬಲಗೈ ನನ್ನನ್ನು ಕೇಳದೆ ಮೇಲೆದ್ದು, ಸೊಳ್ಳೆಪರದೆಯ ಕಬ್ಬಿಣದ ಸರಳಿಗೆ ಬಳೆ ತಾಗಿಸಿಕೊಂಡು ತೇಲುತ್ತ ನಿಂತಿತ್ತು. ತರಗತಿಯಲ್ಲಿ ಉತ್ತರ ಗೊತ್ತಿರುವ ಹುಡುಗಿಯ ಕೈಯಂತೆ.

ಎಡಗೈಯಿಂದ ಅದನ್ನು ಹಿಡಿದೆಳೆದು ಹೊದಿಕೆಯೊಳಗೆ ತುರುಕಿದೆ. ಯಾರಾದರೂ ನೋಡಿಬಿಟ್ಟರೇ ಎಂದು ಸುತ್ತ ಕಣ್ಣಾಡಿಸಿದೆ. ನಾನೊಬ್ಬಳೇ ಇರುವ ಮನೆ, ಆದರೂ ಕಣ್ಣಾಡಿಸಿದೆ. ನಮ್ಮೂರಿನಲ್ಲಿ ಮನುಷ್ಯ ಹಗುರಾಗುವುದು ಮೊದಲು ಗೊತ್ತಾಗುವುದೇ ನಿದ್ದೆಯಲ್ಲಿ ಕೈ ಏಳುವುದರಿಂದ. ಆಮೇಲೆ ಹಿಮ್ಮಡಿ ನೆಲ ಬಿಡುತ್ತದೆ. ಆಮೇಲೆ ಮೆಟ್ಟಿಲು ಹತ್ತುವಾಗ ನಡುವಿನ ಒಂದೆರಡು ಮೆಟ್ಟಿಲು ಕಾಲಿಗೇ ಸಿಗುವುದಿಲ್ಲ. ಆಮೇಲೆ ಒಂದು ದಿನ ಅಂಗಳದಲ್ಲಿದ್ದವರು ಅಂಗಳದಲ್ಲಿರುವುದಿಲ್ಲ. ಟೈಲರ್ ಫಕೀರಪ್ಪನ ತಾಯಿ ಹೋದದ್ದು ಹಾಗೇ, ಮಹಡಿಯ ಮೇಲೆ ಹಪ್ಪಳ ಒಣಹಾಕುತ್ತಿದ್ದಾಗ. ಹಪ್ಪಳ ಮಾತ್ರ ಹದವಾಗಿ ಒಣಗಿದ್ದವು ಎಂದು ಜನ ಈಗಲೂ ಮೆಚ್ಚಿಕೊಂಡು ಹೇಳುತ್ತಾರೆ.

ಹಗುರಾದವರಿಗೆ ನಮ್ಮಲ್ಲಿ ಕಲ್ಲು ಕಟ್ಟುತ್ತಾರೆ. ಹತ್ತಿರದ ನೆಂಟರು ಯಾರೋ ಅವರೇ ಕಟ್ಟಬೇಕು, ಸೊಂಟಕ್ಕೇ ಕಟ್ಟಬೇಕು, ನಾಲ್ಕು ಜನರೆದುರು ಕಟ್ಟಬೇಕು. ಅಲ್ಲಿಂದ ಮುಂದೆ ಕಟ್ಟಿಸಿಕೊಂಡವರು ಕಟ್ಟಿದವರ ಮನೆಗೆ ಸೇರಿದವರು. ಅವರು ಬಡಿಸಿದ್ದೇ ಊಟ, ಅವರು ಹಾಸಿದ್ದೇ ಹಾಸಿಗೆ, ಅವರು ಹೋಗು ಎಂದರೆ ಹೊರಗೆ, ಬೇಡ ಎಂದರೆ ಒಳಗೆ. ಇದನ್ನು ನಮ್ಮೂರಿನವರು ಪ್ರೀತಿ ಎಂದು ಕರೆಯುತ್ತಾರೆ. ಬಹುಮಟ್ಟಿಗೆ ಅದು ಪ್ರೀತಿಯೇ; ತೊಂದರೆ ಇರುವುದೂ ಅಲ್ಲೇ.

ನನ್ನ ಅನ್ನನಾಳದಲ್ಲಿ ಗಡ್ಡೆಯೊಂದು ಬೆಳೆದಿತ್ತು. ದೂರದ ನಗರದ ಆಸ್ಪತ್ರೆಯಲ್ಲಿ ನಾಳದ ಬಹುಭಾಗವನ್ನು ಕತ್ತರಿಸಿ ತೆಗೆದು, ಹೊಟ್ಟೆಯನ್ನೇ ಕೊಳವೆಯಂತೆ ಮಾಡಿ ಮೇಲಕ್ಕೆಳೆದು, ಕುತ್ತಿಗೆಯ ಹತ್ತಿರ ಹೊಲಿದರು. ಅಂದರೆ ನನ್ನ ಹೊಟ್ಟೆ ಈಗ ಎದೆಯಲ್ಲಿದೆ. "ಮೇಲೊಂದು ಮುಚ್ಚಳದ ಥರ ಇರುತ್ತಲ್ಲ, ಅದಿನ್ನು ಇಲ್ಲ. ಹಾಗಾಗಿ ಹುಳಿ ಮೇಲೆ ಬರುತ್ತೆ" ಎಂದರು ಡಾಕ್ಟರು, ಉಪ್ಪಿನಕಾಯಿ ಭರಣಿಯ ಮುಚ್ಚಳ ಕಳೆದುಹೋದಷ್ಟೇ ಸಹಜವಾಗಿ. ಸ್ವಲ್ಪ ಸ್ವಲ್ಪ ತಿನ್ನಿ, ಮತ್ತೆ ಮತ್ತೆ ತಿನ್ನಿ, ಊಟದ ನಡುವೆ ನೀರು ಕುಡಿಯಬೇಡಿ, ಬಗ್ಗಬೇಡಿ, ಸಿಹಿ ಕಡಿಮೆ ಮಾಡಿ, ಸೊಂಟಕ್ಕೆ ಬಿಗಿಯಾಗಿ ಏನೂ ಕಟ್ಟಬೇಡಿ, ತಲೆ ಎತ್ತರಕ್ಕಿಟ್ಟು ಮಲಗಿ. "ತೂಕ ಒಂದಷ್ಟು ಇಳಿಯುತ್ತೆ. ಗಾಬರಿಯಾಗಬೇಡಿ." ಅವರು ನೆಲವು ಎಲ್ಲರನ್ನೂ ಒಂದೇ ತೆರನಾಗಿ ಹಿಡಿದಿಟ್ಟುಕೊಳ್ಳುವ ಊರಿನವರು. ಅಲ್ಲಿ ಪಕ್ಕದ ಹಾಸಿಗೆಯ ರೋಗಿಯನ್ನು ನೋಡಲು ಬಂದಿದ್ದ ಹೆಂಗಸೊಬ್ಬಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಎಷ್ಟು ಸ್ಲಿಮ್ ಆಗಿದೀರಿ, ಏನು ತಿಂತೀರಿ?" ಎಂದು ಕೇಳಿದ್ದಳು. ಮೂಗಿನ ನಳಿಕೆಯಿಂದ ಗಂಜಿನೀರು ಎಂದು ಸನ್ನೆಯಲ್ಲಿ ತಿಳಿಸಿದ್ದೆ.

ಊರಿಗೆ ಮರಳಿ ಕೆಲಸಕ್ಕೆ ಹಾಜರಾದೆ. ನಾನು ಬಸ್ ನಿಲ್ದಾಣದಲ್ಲಿ ಅನೌನ್ಸರ್. ಬಿ.ಎ. ಓದಿ, ಭಾಷಣ ಸ್ಪರ್ಧೆಯಲ್ಲಿ ಗೆದ್ದ ಕಪ್ಪುಗಳನ್ನೆಲ್ಲ ತೋರಿಸಿ ಪಡೆದ ಹುದ್ದೆ. ರಾತ್ರಿ ಗಂಟಲಿಗೆ ಹುಳಿ ಬಂದರೆ ಬೆಳಗ್ಗೆ ನನ್ನ ದನಿ ತಗಡಿನ ಮೇಲೆ ಎಳೆದ ಪೆಟ್ಟಿಗೆಯಂತೆ ಇರುತ್ತದೆ. ಕಂಟ್ರೋಲರ್ ಗುರುಪಾದಪ್ಪ ಸಮಾಧಾನದ ಮನುಷ್ಯ. "ಏನ್ ಮೇಡಂ, ನಿಮ್ ಅನೌನ್ಸ್‌ಮೆಂಟು ಕೇಳಿ ಪ್ಯಾಸೆಂಜರ್ಸು ಬಸ್ಸಿಗೆ ಓಡೋದ್ ಬಿಟ್ಟು ಡಾಕ್ಟರ್ ಹತ್ರ ಓಡ್ತಿದಾರೆ" ಎಂದರು. ಎದೆಯುರಿ ತಮಗೂ ಇದೆಯೆಂದೂ, ಮೊನ್ನೆ ಮೆಣಸಿನಕಾಯಿ ಬಜ್ಜಿ ತಿಂದಾಗ ಬಂದದ್ದು ಸಂಜೆಯವರೆಗೂ ಇತ್ತೆಂದೂ ಹೇಳಿ, ನನ್ನೊಂದಿಗೆ ಸಮದುಃಖಿಯಾದರು. ನನ್ನ ಕಾಯಿಲೆಯ ದೊಡ್ಡ ಗುಣವೆಂದರೆ, ಊರಿನಲ್ಲಿ ಅದು ಇಲ್ಲದವರೇ ಇಲ್ಲ.

ನಾನು ಕೂರುವ ಗಾಜಿನ ಕೋಣೆಯ ಎದುರಿಗೇ ತೂಕದ ಮೆಷಿನ್ನಿದೆ. ಕಾಸು ಹಾಕಿದರೆ ಬಣ್ಣದ ದೀಪಗಳು ಗಿರಗಿರನೆ ತಿರುಗಿ, ಒಂದು ಕಡೆ ತೂಕ, ಇನ್ನೊಂದು ಕಡೆ ಭವಿಷ್ಯ ಅಚ್ಚಾದ ರಟ್ಟಿನ ಚೀಟಿ ಉದುರುತ್ತದೆ. ಬೇರೆ ಊರುಗಳಲ್ಲಿ ಇದು ಮಕ್ಕಳ ಮೋಜಂತೆ. ನಮ್ಮಲ್ಲಿ ಅದರ ಮೇಲೆ ಒಬ್ಬರು ನಿಂತರೆ ಹಿಂದೆ ನಾಲ್ಕು ಕತ್ತುಗಳು ಚಾಚಿರುತ್ತವೆ. ಹೆಣ್ಣು ನೋಡಲು ಬಂದವರು ಮನೆಗೆ ಹೋಗುವ ಮೊದಲು ಹುಡುಗಿಯನ್ನು ಇಲ್ಲಿಗೇ ಕರೆಸಿಕೊಳ್ಳುವುದುಂಟು. ಊರು ಬಿಟ್ಟು ಆಸ್ಪತ್ರೆಗೆ ಹೋಗಿಬಂದವಳು ಮೆಷಿನ್ನಿನ ಎದುರಿಗೇ ದಿನವಿಡೀ ಕುಳಿತು, ಒಂದು ದಿನವೂ ಹತ್ತದಿದ್ದರೆ ಜನ ಏನೆಂದುಕೊಳ್ಳಬೇಕೋ ಅದನ್ನು ಅಂದುಕೊಂಡರು.

ಕೈ ಮೇಲೆದ್ದ ಮರುದಿನವೇ ನಾನು ಡಿಪೋದ ಗುಜರಿ ರಾಶಿಯಿಂದ ಹಳೇ ನಟ್ಟುಗಳನ್ನು ಚೀಲದ ತುಂಬ ತಂದು, ಸೀರೆಯ ಫಾಲ್ ಬಿಚ್ಚಿ, ಅಂಚಿನುದ್ದಕ್ಕೂ ಒಂದೊಂದಾಗಿ ಇಟ್ಟು ಹೊಲಿದೆ. ಬಗ್ಗುವಂತಿಲ್ಲವಾದ್ದರಿಂದ ಸೀರೆಯನ್ನು ಕಿಟಕಿಯ ಸರಳಿಗೆ ನೇತುಹಾಕಿ, ನಿಂತುಕೊಂಡು ಹೊಲಿದೆ. ಭಾರ ಕೆಳಗಿದ್ದರೆ ಹೊಟ್ಟೆಗೆ ಒತ್ತುವುದಿಲ್ಲ. ನಡೆದರೆ ಸಣ್ಣಗೆ ಗಲಗಲ ಎನ್ನುತ್ತಿತ್ತು; ಹೊಸ ಕಾಲ್ಗೆಜ್ಜೆ ಎಂದು ಹೇಳಿಕೊಂಡೆ. ಈ ವಯಸ್ಸಿನಲ್ಲಿ ಗೆಜ್ಜೆಯ ಶೋಕಿ ಎಂದು ಮಾತಾಡಿಕೊಂಡರು. ಮಾತಾಡಿಕೊಳ್ಳಲಿ. ಹಗುರಾದಳು ಎನ್ನುವುದಕ್ಕಿಂತ ಕೆಟ್ಟಳು ಎನಿಸಿಕೊಳ್ಳುವುದೇ ನಮ್ಮೂರಿನಲ್ಲಿ ಕ್ಷೇಮ.

ಇಷ್ಟೆಲ್ಲ ಮಾಡಿದ್ದು ಅತ್ತಿಗೆಗೆ ಹೆದರಿ. ಇಂದುಮತಿ ಅತ್ತಿಗೆ ನನ್ನಣ್ಣ ಶ್ರೀಕಂಠನ ಹೆಂಡತಿ, ನನಗಿರುವ ಒಂದೇ ಹತ್ತಿರದ ಮನೆಯ ಯಜಮಾನಿ. ನೆಲವನ್ನು ಅವರು ಹಿಡಿದಿದ್ದಾರೋ ಅವರನ್ನು ನೆಲ ಹಿಡಿದಿದೆಯೋ ಹೇಳುವುದು ಕಷ್ಟ, ಅಂಥ ಭದ್ರವಾದ ಹೆಂಗಸು. ಅಡುಗೆ ಅವರ ಧರ್ಮ, ಬಡಿಸುವುದು ಅವರ ಪ್ರಚಾರ. ನಾನು ಆಸ್ಪತ್ರೆಯಿಂದ ಬಂದ ದಿನದಿಂದಲೂ ಪಾತ್ರೆ ಹಿಡಿದೇ ಬರುತ್ತಿದ್ದರು.

"ತಗೋ, ಬೇಸನ್ ಉಂಡೆ. ತುಪ್ಪ ಕೈಗೆ ಹತ್ತೋ ಹಾಗೆ ಹಾಕಿದೀನಿ."

"ಅತ್ತಿಗೆ, ಸಿಹಿ ತಿಂದ್ರೆ ನಂಗೆ ಎದೆ ಹೊಡ್ಕೊಳತ್ತೆ, ಬೆವರು ಕಿತ್ಕೊಂಡು ಬರತ್ತೆ. ಡಾಕ್ಟರು—"

"ಡಾಕ್ಟರಿಗೇನೇ ಗೊತ್ತು? ಅವ್ರೇನು ನಿಂಗೆ ಮಾಡಿ ಹಾಕ್ತಾರಾ? ಒಂದ್ ತಿನ್ನು. ನನ್ ಸಮಾಧಾನಕ್ಕೆ ತಿನ್ನು."

ಅವರ ಸಮಾಧಾನಕ್ಕೆ ಒಂದು ಉಂಡೆ ಸಾಲುತ್ತಿರಲಿಲ್ಲ. ಅವರ ಮನೆಯ ಅಟ್ಟದಲ್ಲಿ ನಮ್ಮಮ್ಮನಿಗೆ ಕಟ್ಟಿದ್ದ ಕಲ್ಲಿತ್ತು. ಕರ್ರಗೆ, ನುಣ್ಣಗೆ, ದೊಡ್ಡ ಬದನೆಕಾಯಿಯ ಗಾತ್ರದ್ದು. ಅಮ್ಮನ ಕೊನೆಯ ವರ್ಷಗಳಲ್ಲಿ ಅದನ್ನು ಕಟ್ಟಿ, ಉಣಿಸಿ, ಮಲಗಿಸಿ ನೋಡಿಕೊಂಡವರು ಅತ್ತಿಗೆಯೇ. ಚೆನ್ನಾಗಿಯೇ ನೋಡಿಕೊಂಡರು. ಅಮ್ಮ ಆ ಮನೆಯ ಹೊಸಿಲು ದಾಟಿದ್ದು ಮಾತ್ರ ಮತ್ತೆ ಯಾರೂ ನೋಡಲಿಲ್ಲ. ಆ ಕಲ್ಲನ್ನು ನಾನು ಕಟ್ಟಿಸಿಕೊಂಡ ದಿನ ನನ್ನ ಬಾಡಿಗೆ ಮನೆ ಹೋಗುತ್ತದೆ, ಮೈಕು ಹೋಗುತ್ತದೆ, ಚಿಕ್ಕ ಬಟ್ಟಲಿನಲ್ಲಿ ಹೊತ್ತಿಗಿಷ್ಟು ಎಂದು ತಿಂದು ಬದುಕುವ ನನ್ನ ಉಪಾಯ ಹೋಗುತ್ತದೆ. ಅತ್ತಿಗೆಯ ಪ್ರೀತಿಯನ್ನು ತಿಂಗಳುಗಟ್ಟಲೆ ಜೀರ್ಣಿಸಿಕೊಳ್ಳುವ ಹೊಟ್ಟೆ ಈಗ ನನ್ನ ಹತ್ತಿರ ಇರಲಿಲ್ಲ.

ಸಿಕ್ಕಿಬಿದ್ದದ್ದು ಒಂದು ಬೆಳಗ್ಗೆ. ತಮ್ಮ ಬಳಿಯಿದ್ದ ಇನ್ನೊಂದು ಕೀಲಿಯಿಂದ ಬಾಗಿಲು ತೆಗೆದು, ಬಿಸಿ ಪೊಂಗಲ್ ಹಿಡಿದು ಬಂದ ಅತ್ತಿಗೆಗೆ ಕಂಡದ್ದು, ಸೊಳ್ಳೆಪರದೆಯೊಳಗೆ ಎರಡೂ ಕೈ ಮೇಲೆತ್ತಿಕೊಂಡು ನಿದ್ದೆ ಹೋಗಿದ್ದ ನಾನು. ಪೊಲೀಸರಿಗೆ ಶರಣಾದವಳಂತೆ.

"ಅಯ್ಯೋ ನನ್ ಶಿವನೇ!" ಎಂಬ ಕೂಗಿಗೆ ಎಚ್ಚರವಾಯಿತು. ಕೈ ಇಳಿಸಿಕೊಳ್ಳುವಷ್ಟರಲ್ಲಿ ಅತ್ತಿಗೆಯ ಕಣ್ಣಲ್ಲಿ ನೀರು. ನಿಜವಾದ ನೀರೇ. "ಯಾವತ್ತಿಂದಾನೇ ಇದು? ಒಂದ್ ಮಾತು ಹೇಳಬಾರದಾ? ನಾವೇನು ಸತ್ತಿದೀವಾ? ಬರೋ ಶುಕ್ರವಾರ ಕಟ್ಟಿಬಿಡೋಣ."

ಸಂಜೆ ಅಣ್ಣನ ಹತ್ತಿರ ಹೋದೆ. ಅವನು ಪೇಪರಿನ ಹಿಂದಿದ್ದ. ಮನೆಯಲ್ಲಿ ಯಾವುದಾದರೂ ತೀರ್ಮಾನವಾಗುವಾಗ ಅವನು ಯಾವಾಗಲೂ ಪೇಪರಿನ ಹಿಂದೆಯೇ ಇರುತ್ತಾನೆ. "ಅಣ್ಣ, ಸೊಂಟಕ್ಕೆ ಕಟ್ಟಿದ್ರೆ ಹೊಟ್ಟೆ ಒತ್ತತ್ತೆ. ಒತ್ತಿದ್ರೆ ಎಲ್ಲಾ ಗಂಟಲಿಗೆ ಬರತ್ತೆ. ನೀನಾದ್ರೂ ಹೇಳು."

"ನಿನ್ನ ಒಳ್ಳೇದಕ್ಕೇ ಅಲ್ವೇನೇ" ಎಂದಿತು ಪೇಪರು.

ಒಳಗಿನಿಂದ ಅತ್ತಿಗೆಯ ದನಿ ಬಂತು. "ನಿನ್ ಹೊಟ್ಟೆ ಎದೇಲಿದೆ ಅಂತ ನೀನೇ ಹೇಳ್ದೆ. ಸೊಂಟಕ್ಕೂ ಅದಕ್ಕೂ ಏನೇ ಸಂಬಂಧ?"

ಭಾಷಣ ಸ್ಪರ್ಧೆಗಳಲ್ಲಿ ಕಪ್ಪು ಗೆದ್ದವಳು ನಾನು. ಆದರೂ ಪೇಪರಿನತ್ತಲೇ ತಿರುಗಿದೆ; ಅದು ಪುಟ ಮಗುಚಿತು. ಉಳಿದ ದಾರಿಯೆಂದರೆ ಬೇಡ ಎಂದು ಎದ್ದುಬರುವುದು. ಬಂದರೆ, ಕಲ್ಲು ಒಲ್ಲೆನೆಂದವಳನ್ನು ಊರಿನಲ್ಲಿ ಯಾವ ಬಸ್ಸೂ ಹತ್ತಿಸಿಕೊಳ್ಳುವುದಿಲ್ಲ, ಯಾವ ಅಂಗಡಿಯವನೂ ಕಟ್ಟೆಯ ಮೇಲೆ ನಿಲ್ಲಗೊಡುವುದಿಲ್ಲ. ಕಣ್ಣೆದುರಿಗೇ ಹಾರಿಹೋದರೆ ಯಾರಿಗೆ ಬೇಕು ಆ ಪಾಪ?

ಶುಕ್ರವಾರ ಅತ್ತಿಗೆಯ ನಡುಮನೆಯಲ್ಲಿ ಹೆಂಗಸರು ತುಂಬಿದ್ದರು. ಗುರುಪಾದಪ್ಪನವರೂ ಹೆಂಡತಿಯೊಡನೆ ಬಂದು, ಹೋಳಿಗೆಯ ವಾಸನೆ ಬರುವ ಕಡೆ ಮುಖ ಮಾಡಿ ಕೂತಿದ್ದರು. ಒಳಕೋಣೆಯಲ್ಲಿ ನನಗೆ ಹೊಸ ಸೀರೆ ಉಡಿಸಿದರು. ಹತ್ತಿಯಂತೆ ಹಗುರವಾದ ರೇಷ್ಮೆ. "ಕಾಯಿಲೆ ಮನುಷ್ಯಳು, ಭಾರ ಆಗಬಾರದು ಅಂತ ಹುಡುಕಿ ತಂದೆ" ಎಂದರು ಅತ್ತಿಗೆ. ಹಗುರಾದವಳಿಗೆ ಭಾರ ಕಟ್ಟುವ ದಿನ ಹಗುರವಾದ ಸೀರೆ ತರುವ ಜಾಣತನ ನಮ್ಮವರಿಗೆ ಮಾತ್ರ ಬರುವಂಥದ್ದು. ನಟ್ಟಿನ ಸೀರೆ ಕಾಲಬುಡಕ್ಕೆ ಬಿದ್ದ ಕೂಡಲೇ ನನ್ನ ಹಿಮ್ಮಡಿಗಳೆರಡೂ ಎದ್ದವು. ಬೀರುವಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡು, ನೆರಿಗೆ ಹಿಡಿಯುತ್ತಿದ್ದ ಹೆಂಗಸಿನ ಜೊತೆ ಬೆಲೆಯ ಬಗ್ಗೆ ಮಾತಾಡಿದೆ.

ಇಬ್ಬರು ಹೆಂಗಸರು ತೋಳು ಹಿಡಿದು ಕರೆತಂದು, ಮಣೆಯ ಮೇಲೆ ಕೂರಿಸಿ ಮಡಿಲು ತುಂಬಿದರು. ಅಕ್ಕಿ, ಬೆಲ್ಲ, ಎರಡು ತೆಂಗಿನಕಾಯಿ. ಆ ಕಾಯಿಗಳ ಮೇಲೆ ನನಗೆ ಅಷ್ಟು ಪ್ರೀತಿ ಹಿಂದೆಂದೂ ಬಂದಿರಲಿಲ್ಲ. ಅತ್ತಿಗೆ ಅರಿಶಿನ ಹಚ್ಚಿದ ಕಲ್ಲನ್ನು ನೂಲಿನ ಹಗ್ಗದಿಂದ ಸೊಂಟಕ್ಕೆ ಕಟ್ಟಿ, ಮೊಣಕಾಲೂರಿ ಗಂಟನ್ನು ಬಿಗಿದರು. "ಇನ್ನು ನೀನು ನಮ್ಮೋಳು." ನಾಲ್ಕು ಜನ ಆರತಿ ಎತ್ತಿದರು. ಮಡಿಲಿನದನ್ನು ಮೊರಕ್ಕೆ ಸುರಿದುಕೊಂಡು, ಹಿರಿಯರಿಗೆ ನಮಸ್ಕಾರ ಮಾಡು ಎಂದರು. ಬಗ್ಗಿದೆ. ಬೆಳಗಿನ ಗಂಜಿ ಗಂಟಲಿಗೆ ಬಂದು ನಿಂತಿತು, ನುಂಗಿದೆ. ಆಮೇಲೆ ಎಲೆ ಹಾಕಿದರು. ಕಲ್ಲು ಕಟ್ಟಿದವರ ಕೈಯಿಂದ ಮೊದಲ ತುತ್ತುಗಳು. ಅತ್ತಿಗೆ ಹೋಳಿಗೆಯನ್ನು ಹಾಲಿನಲ್ಲಿ ಹಿಸುಕಿ, ಮೇಲೆ ತುಪ್ಪ ಸುರಿದು, ಬಾಯಿಗಿಟ್ಟರು. ಎಲ್ಲರೂ ನೋಡುತ್ತಿದ್ದರು. "ಇನ್ನೊಂದು. ಹಾಂ. ಇನ್ನೊಂದು. ನೋಡಿ ಎಷ್ಟು ಚೆನ್ನಾಗಿ ತಿಂತಾಳೆ, ಮಾಡಿ ಹಾಕೋರಿಲ್ದೆ ಒಣಗಿದ್ಲು ಅಷ್ಟೆ."

ಅರ್ಧ ಹೋಳಿಗೆಯಾಗುವಷ್ಟರಲ್ಲಿ ಎದೆ ಡವಡವ ಎಂದಿತು. ಕಿವಿಯ ಹಿಂದಿನಿಂದ ಬೆವರು ಇಳಿಯಿತು. ಹೊಟ್ಟೆಯೊಳಗೆ ಯಾರೋ ಬಟ್ಟೆ ಹಿಂಡಿದಂತಾಯಿತು. ಹಗ್ಗ ಕೆಳಗಿನಿಂದ ಒತ್ತುತ್ತಿತ್ತು, ಹೋಳಿಗೆ ಮೇಲಿನಿಂದ ಇಳಿಯುತ್ತಿತ್ತು, ನಡುವೆ ಇದ್ದ ನನ್ನನ್ನು ಯಾರೂ ಕೇಳಲಿಲ್ಲ. "ಬಚ್ಚಲಿಗೆ" ಎಂದಷ್ಟೇ ಹೇಳಿ ಎದ್ದೆ. ನಡುಮನೆ ದಾಟಿ, ಬಚ್ಚಲುಮನೆಯ ಬಾಗಿಲು ಹಾಕಿ, ಮೇಲಿನ ಚಿಲಕ ಹಾಕಿ, ಗೋಡೆ ಹಿಡಿದು ನಿಂತೆ. ತಿಂದದ್ದೆಲ್ಲ ಹುಳಿಯಾಗಿ ಬಂತು. ಮೂಗಿನಿಂದಲೂ ಬಂತು. ಮುಖ ತೊಳೆದರೂ ಉರಿ ನಿಲ್ಲಲಿಲ್ಲ; ಎದೆಯಲ್ಲಿ ಯಾರೋ ಕೆಂಡ ಇಟ್ಟು ಊದುತ್ತಿದ್ದರು. ಹಗ್ಗ ಸಡಿಲಿಸಿದರೆ ಸ್ವಲ್ಪ ಕಡಿಮೆಯಾದೀತು ಎನಿಸಿತು. ಬೆವರುಗೈಯಿಂದ ಗಂಟು ಬಿಚ್ಚಿದೆ. ಕಲ್ಲು ದೊಪ್ಪನೆ ಬಿತ್ತು. ನನ್ನ ನಟ್ಟಿನ ಸೀರೆ ಒಳಕೋಣೆಯಲ್ಲಿದೆ ಎಂಬುದು ನೆನಪಾಗುವಷ್ಟರಲ್ಲಿ ನಾನು ಹಂಡೆಗಿಂತ ಮೇಲಿದ್ದೆ.

ಏರುವಾಗ ನೀರಿನ ಪೈಪನ್ನು ಹಿಡಿದುಕೊಂಡೆ. ತಲೆ ಜೇಡರ ಬಲೆಗೆ ತಾಗಿತು. ಈ ಗಳಿಗೆಗೆ ನಾನು ಹುಟ್ಟಿದಂದಿನಿಂದ ಹೆದರಿದ್ದೆ. ನಮ್ಮೂರಿನಲ್ಲಿ ಎಲ್ಲರೂ ಹೆದರಿರುತ್ತಾರೆ. ಕಿರುಚಬೇಕೆಂದು ಬಾಯಿ ತೆರೆದೆ. ಆಗ ಗೊತ್ತಾಯಿತು, ಎದೆಯ ಉರಿ ಇರಲಿಲ್ಲ. ಕಡಿಮೆಯಾಗಿದ್ದಲ್ಲ, ಇರಲೇ ಇಲ್ಲ. ಮೈ ಮೆಲ್ಲಗೆ ಅಡ್ಡವಾಯಿತು. ಆಪರೇಷನ್ ಆದಂದಿನಿಂದ ನಾನು ಒಮ್ಮೆಯೂ ಉದ್ದಕ್ಕೆ ಮಲಗಿರಲಿಲ್ಲ. ಈಗ ಬಚ್ಚಲಿನ ಸೂರಿಗೆ ಮೂಗು ತಾಗುವಂತೆ ಉದ್ದಕ್ಕೆ ಮಲಗಿದ್ದೆ. ಗಂಟಲಿಗೆ ಏನೂ ಬರಲಿಲ್ಲ. ಹೊರಗೆ ಅತ್ತಿಗೆ ಯಾರಿಗೋ ಹೇಳುತ್ತಿದ್ದರು, "ಬರ್ತಾಳೆ ಬರ್ತಾಳೆ, ಇನ್ನೂ ಚಿತ್ರಾನ್ನ ಇದೆ."

ಆಮೇಲೆ ಬಾಗಿಲ ಹತ್ತಿರ ಹೆಜ್ಜೆ. "ವಿಶಾಲೂ." ನಾನು ಓ ಎನ್ನಲಿಲ್ಲ. "ವಿಶಾಲಾಕ್ಷಿ!" ಮೂರನೆಯ ಸಲ ದನಿ ತಗ್ಗಿತು. ಬಾಗಿಲಿನ ಸಂದಿಗೇ ಬಾಯಿಟ್ಟಂತೆ, "ನಿನ್ ಹಳೇ ಸೀರೆ ಮಡಿಸೋಕೆ ಎತ್ತಿದೆ. ಅದೇನು ಸೀರೇನೋ ಬಸ್ಸಿನ ಲಗೇಜೋ? ತೆಗಿ ಬಾಗಿಲು."

ಪೈಪು ಹಿಡಿದು ಗೋಡೆಯುದ್ದಕ್ಕೂ ಜಾರಿ ಬಾಗಿಲಿಗೆ ಬಂದೆ. ಬದುಕಿನಲ್ಲಿ ಮೊದಲ ಸಲ ಮೇಲಿನ ಚಿಲಕ ಸಲೀಸಾಗಿ ಕೈಗೆ ಸಿಕ್ಕಿತು. ಒಳಗೆ ಬಂದ ಅತ್ತಿಗೆ ಎದುರಿಗೆ ನೋಡಿದರು, ಹಂಡೆಯ ಹಿಂದೆ ನೋಡಿದರು, ಕೊನೆಗೆ ಮೇಲೆ ನೋಡಿದರು. ಕೂಗಲಿಲ್ಲ. ಬಾಗಿಲು ಹಾಕಿ ಅದಕ್ಕೆ ಬೆನ್ನು ಕೊಟ್ಟು ನಿಂತರು. ನನ್ನ ಸೆರಗು ಹಿಡಿದು, ಬಾವಿಯಿಂದ ಕೊಡ ಎಳೆದಂತೆ, ಕೈ ಬದಲಿಸುತ್ತ ಎಳೆದು ಇಳಿಸಿ, ನೀರಿನ ಪೈಪನ್ನು ಕೈಗೆ ಹಿಡಿಸಿದರು. ಇಳಿದಂತೆ ಎದೆ ಮತ್ತೆ ಹತ್ತಿಕೊಂಡಿತು. ನೆಲದಲ್ಲಿ ಚೆಲ್ಲಿದ್ದ ಹೋಳಿಗೆಯನ್ನು ಅತ್ತಿಗೆ ಬಹಳ ಹೊತ್ತು ನೋಡಿದರು. ಅದರಲ್ಲಿ ಅವರು ಉಣಿಸಿದ್ದೆಲ್ಲ ಇತ್ತು.

"ಇಷ್ಟೂ ಬಂತಾ?"

"ಇಷ್ಟೂ. ಯಾವಾಗ್ಲೂ ಇಷ್ಟೂ ಬರತ್ತೆ, ಅತ್ತಿಗೆ. ನೀವು ಕೊಟ್ಟ ಉಂಡೆಗಳೂ."

"ಹಾಳಾದೋಳೆ" ಎಂದರು. ಎರಡು ಚೆಂಬು ನೀರು ಸುರಿದು ನೆಲ ತೊಳೆದರು. ಆಮೇಲೆ, "ನಾನ್ ಕಟ್ಟಿದ ಕಲ್ಲು ಅರ್ಧ ಗಂಟೆ ನಿಲ್ಲಲಿಲ್ಲ ಅಂತ ಗೊತ್ತಾದ್ರೆ ಈ ಊರಲ್ಲಿ ನಾನು ತಲೆ ಎತ್ಕೊಂಡು ಓಡಾಡಕ್ಕಾಗತ್ತಾ? ನಿಮ್ಮಮ್ಮಂಗೂ ನಾನು ಹೀಗೇ ಮಾಡಿದ್ನೇನೋ ಅಂತಾರೆ. ಅನ್ನಲ್ವಾ?"

"ಅಂತಾರೆ" ಎಂದೆ. ಆ ಊರಿನಲ್ಲೇ ಹುಟ್ಟಿದವಳು, ಸುಳ್ಳು ಹೇಳಲಾಗಲಿಲ್ಲ.

ಅತ್ತಿಗೆ ಮಣೆ ಎಳೆದುಕೊಂಡು ನನ್ನ ಕಾಲ ಬಳಿ ಕೂತರು. ಲಂಗವನ್ನು ಮೊಣಕಾಲಿನವರೆಗೆ ಸರಿಸಿ, ಕಲ್ಲನ್ನು ನನ್ನ ಎಡಗಾಲಿನ ಮೀನಖಂಡಕ್ಕೆ ಆನಿಸಿ, ಹಗ್ಗವನ್ನು ಸುತ್ತತೊಡಗಿದರು. ನಾನು ಕಾಲನ್ನು ಹಿಂದಕ್ಕೆಳೆದುಕೊಂಡೆ. ನಮ್ಮಲ್ಲಿ ಕಾಲಿಗೆ ಕಲ್ಲು ಕಟ್ಟುವುದು ಹೆಣಕ್ಕೆ, ಚಟ್ಟದ ಮೇಲೆ ಸುಮ್ಮನಿರಲಿ ಎಂದು. "ಅತ್ತಿಗೆ, ಅಲ್ಲಿಗಾ?"

"ಸುಮ್ನಿರೇ. ಬದುಕಿದೀಯಾ ಅಂತ ನಂಗೆ ಗೊತ್ತು, ನಿಂಗೆ ಗೊತ್ತು. ಸೀರೆ ಕೆಳಗೆ ಯಾರು ನೋಡ್ತಾರೆ?" ಗಂಟು ಹಾಕುತ್ತಲೇ ಮಾತು ಮುಂದುವರಿಸಿದರು. "ಸೊಂಟಕ್ಕೊಂದು ಟವೆಲ್ ಸಡಿಲವಾಗಿ ಸಿಕ್ಕಿಸ್ಕೋ, ಉಬ್ಬು ಕಾಣಲಿ. ನೀನು ನಿನ್ ಮನೇಲೇ ಇರು. ಡ್ಯೂಟಿಗೆ ಹತ್ರ, ನಾನೇ ಅಲ್ಲಿಟ್ಟಿದೀನಿ ಅಂತ ಹೇಳ್ತೀನಿ. ಊಟದ ಡಬ್ಬಿ ದಿನಾ ನಮ್ಮನೆಯಿಂದಾನೇ ಬರತ್ತೆ. ತಿನ್ನು, ಬಿಡು, ಬಸ್ ಸ್ಟ್ಯಾಂಡ್ ನಾಯಿಗೆ ಹಾಕು, ನಂಗೆ ಬೇಡ. ಡಬ್ಬಿ ಮಾತ್ರ ಖಾಲಿ ವಾಪಸ್ ಬರಬೇಕು. ತಿಳೀತಾ?"

"ತಿಳೀತು."

"ಇಲ್ಲಿ ಆಗಿದ್ದು ಇಲ್ಲಿಗೇ. ನಿಮ್ಮಣ್ಣಂಗೂ ಹೇಳಲ್ಲ ನಾನು. ಹೇಳಿದ್ರೂ ಆ ಪೇಪರ್ ಏನು ಮಾಡತ್ತೆ?"

ಹೊರಗೆ ಹೋದ ಅತ್ತಿಗೆಯ ದನಿ ನಡುಮನೆಯಲ್ಲಿ ಖಣಖಣಿಸಿತು: "ಏನಿಲ್ಲ, ಸೆಕೆ ಅಂತೆ. ಮೂರು ಹೋಳಿಗೆ ತಿಂದಿದಾಳೆ ನೋಡಿ, ಪಾಪ, ಅಭ್ಯಾಸ ತಪ್ಪಿಹೋಗಿತ್ತು." ಗುರುಪಾದಪ್ಪನವರು ಮೆಚ್ಚಿ ತಲೆದೂಗಿ, ತಮಗೂ ಇನ್ನೊಂದು ಹಾಕಿಸಿಕೊಂಡಿರಬೇಕು.

ನಾನು ಕಾಲಿನ ಭಾರ ಅಭ್ಯಾಸವಾಗಲಿ ಎಂದು ಬಚ್ಚಲಿನಲ್ಲೇ ಸ್ವಲ್ಪ ಹೊತ್ತು ನಿಂತೆ. ಮೇಲೆ, ಹಂಡೆಯ ನೇರಕ್ಕೆ, ಹೊಗೆ ಹೋಗಲೆಂದು ಬಿಟ್ಟ ಬೆಳಕಿಂಡಿಯಿತ್ತು. ಅದಕ್ಕೆ ಸರಳಿರಲಿಲ್ಲ. ಅತ್ತಿಗೆ ಮೊದಲ ಸಲ ಕರೆದಾಗಲೇ ನನಗೆ ಕೇಳಿಸಿತ್ತು. ಎರಡನೆಯ ಸಲ ಕರೆಯುವ ಹೊತ್ತಿಗೆ ನಾನು ಪೈಪಿನಿಂದ ಕೈ ಬಿಟ್ಟಿದ್ದೆ, ಜಾರಿದ್ದಲ್ಲ, ಬಿಟ್ಟದ್ದು. ಬಿಟ್ಟು, ಆ ಕಿಂಡಿಯತ್ತ ತೇಲಿ, ಅದರ ಚೌಕಟ್ಟಿಗೆ ಹೆಗಲಿಟ್ಟು ನೋಡಿದ್ದೆ. ಮೊದಲಿನ ಮೈಯಾಗಿದ್ದರೆ ಆಗುತ್ತಿರಲಿಲ್ಲ. ಈಗಿನದು ಸಲೀಸಾಗಿ ಹಿಡಿಸುತ್ತಿತ್ತು. ಮೂರನೆಯ ಕೂಗು ಬರದಿದ್ದರೆ ಏನು ಮಾಡುತ್ತಿದ್ದೆನೆಂದು ನನಗೆ ಗೊತ್ತಿತ್ತು. ಅದನ್ನು ಅತ್ತಿಗೆಗೆ ಹೇಳಬಾರದು, ಡಾಕ್ಟರಿಗೆ ಹೇಳಬಾರದು, ಯಾರಿಗೂ ಹೇಳಬಾರದು ಎಂದು ನಿರ್ಧರಿಸಿ, ಟವೆಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಚಿತ್ರಾನ್ನಕ್ಕೆ ಹೋದೆ.